ಬಾದಾಮಿ ನಟರಾಜನ 18 ಕೈ: ಒಂಬತ್ತನೇ ಭಾನುವಾರದ ವರದಿ

ಇವತ್ತು ಹದಿನಾರನೇ ಕೈ ಬಿಡಿಸಿ ಮುಗಿಯಿತು. ಇನ್ನೆರಡು ಬಾಕಿ. ಆದರೆ ಆ ಎರಡು ಕೈಗೆ ಹಾಳೆಯಲ್ಲಿ ಜಾಗವೇ ಉಳಿದಿಲ್ಲ.

ಇದು ಶುರುವಾದದ್ದು ಸುಮ್ನೆ ಒಂದು ಹಟಕ್ಕೆ. ಬಾದಾಮಿಯ ಒಂದನೇ ಗುಹೆಯ ಹೊರಗೆ, ಬಲಗಡೆ ಬಂಡೆಯ ಮೇಲೆ ಕುಣಿಯುವ ಶಿವನಿದ್ದಾನಲ್ಲ, ಅವನನ್ನು ಎದುರಿಗೇ ಕೂತು ಬಿಡಿಸಬೇಕು. ಫೋಟೋ ನೋಡಿ ಬಿಡಿಸುವಂತಿಲ್ಲ. ಗದಗಿನಿಂದ ರೈಲು ಹತ್ತುವುದು, ಸ್ಟೇಷನ್ನಿನಿಂದ ಊರಿಗೆ ಐದು ಕಿಲೋಮೀಟರ್ ಆಟೋ, ಆಮೇಲೆ ಮೆಟ್ಟಿಲು. ಎ3 ಹಾಳೆ, ಒಂದು ಪರೀಕ್ಷೆಯ ಪ್ಯಾಡು, ಎರಡು ಪೆನ್ಸಿಲ್, ಒಂದು ರಬ್ಬರ್. ಮೊದಲ ವಾರ ರಬ್ಬರ್ ಎರಡಿತ್ತು. ಒಂದನ್ನು ಮಂಗ ಒಯ್ದಿತು. ತಿಂದು ನೋಡಿ, ರುಚಿ ಇಲ್ಲವೆಂದು ಅಗಸ್ತ್ಯ ತೀರ್ಥದ ಕೆರೆಯ ಕಡೆ ಎಸೆಯಿತು.

ನಟರಾಜ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಚೋಳರ ಕಂಚಿನ ವಿಗ್ರಹ. ನಾಲ್ಕು ಕೈ, ಸುತ್ತ ಬೆಂಕಿಯ ಬಳೆ, ಕಾಲ ಕೆಳಗೆ ಅಪಸ್ಮಾರನೆಂಬ ಕುಳ್ಳ ರಾಕ್ಷಸ. ಬಾದಾಮಿಯವನು ಅದಕ್ಕಿಂತ ಸುಮಾರು ನಾನೂರು ವರ್ಷ ಹಿರಿಯ. ಆರನೇ ಶತಮಾನದವನು. ಬೆಂಕಿಯ ಬಳೆ ಇಲ್ಲ, ಅಪಸ್ಮಾರನೂ ಇಲ್ಲ. ಎತ್ತರ ಸುಮಾರು ಐದು ಅಡಿ ಅಷ್ಟೇ. ಪಕ್ಕದಲ್ಲಿ ಗಣೇಶ, ಒಬ್ಬ ಮದ್ದಳೆ ಬಾರಿಸುವವನು, ಹಿಂದೆ ನಂದಿ. ಕೈಗಳು ಮಾತ್ರ ಹದಿನೆಂಟು. ಕೆಲವು ಕೈಯಲ್ಲಿ ಹಾವು, ತ್ರಿಶೂಲ, ಕೊಡಲಿ, ಡಮರು. ಉಳಿದವು ಬರಿಗೈ, ಮುದ್ರೆಯಲ್ಲಿ ಇವೆ.

ಮೊದಲ ಮೂರು ವಾರ ಪೂರ್ತಿ ಹಾಳು. ನಾನು ಮಾಡಿದ್ದು ಇಷ್ಟು: ಭುಜದಲ್ಲಿ ಒಂದು ಚುಕ್ಕಿ ಇಟ್ಟು, ಅಲ್ಲಿಂದ ಒಂಬತ್ತು ಗೆರೆ ಎಳೆದೆ, ಆ ಕಡೆಯೂ ಒಂಬತ್ತು. ಬಂದದ್ದು ಶಿವನಲ್ಲ, ಜೇಡ. ಮನೆಯಲ್ಲಿ ತೋರಿಸಿದರೆ ಮಗಳು ನಕ್ಕು ನಕ್ಕು ಸುಸ್ತಾದಳು.

ನಾಲ್ಕನೇ ವಾರ ಪೆನ್ಸಿಲ್ ಹೊರಗೇ ತೆಗೆಯಲಿಲ್ಲ. ಒಂದು ತಾಸು ಸುಮ್ಮನೆ ನೋಡಿದೆ. ಆಗ ಗೊತ್ತಾಯಿತು, ಕಲ್ಲು ಕಡೆದವನು ಭುಜಗಳನ್ನು ಹೆಚ್ಚಿಸಿಯೇ ಇಲ್ಲ! ಭುಜ ಎರಡೇ, ನಮ್ಮ ನಿಮ್ಮ ಹಾಗೆ. ತೋಳುಗಳು ಒಂದರ ಹಿಂದೆ ಒಂದು ಅಡಗಿವೆ. ಮೊಳಕೈ ದಾಟಿದ ಮೇಲೆ ಮಾತ್ರ ಒಂದೊಂದೇ ಬಿಡಿಬಿಡಿಯಾಗಿ ಬೀಸಣಿಗೆಯ ಹಾಗೆ ತೆರೆದುಕೊಳ್ಳುತ್ತವೆ. ಹದಿನೆಂಟು ಕೈ ಇದ್ದರೂ ಮೈ ಭಾರ ಅನ್ನಿಸದೆ ಇರುವುದು ಇದಕ್ಕೇ. ಮುಖ್ಯ ಕೈಯೆರಡು ಮುಂದೆ, ಅವು ಮೈಯ ಬಾಗಿನ ಜೊತೆ ಹೋಗುತ್ತವೆ. ಉಳಿದ ಹದಿನಾರು ಕುಣಿತದ ಗಾಳಿ ಇದ್ದ ಹಾಗೆ.

ಅಂದಿನಿಂದ ಕ್ರಮ ಬದಲಿಸಿದೆ. ಮೊದಲು ಸೊಂಟದ ಬಾಗು, ಮಡಿಸಿದ ಮಂಡಿ, ತಲೆ. ಆಮೇಲೆ ಮುಂದಿನ ಎರಡು ಕೈ. ಆಮೇಲೆ ಹಿಂದಿನ ಕೈಗಳ ಮೊಳಕೈಗೆ ಒಂದೊಂದು ಚುಕ್ಕಿ, ಕೊನೆಗೆ ಬೆರಳು. ಬಲಗೈ ಒಂದು ಬಿಡಿಸಿದರೆ ಅದರ ಜೋಡಿ ಎಡಗೈ ಅದೇ ದಿನ ಬಿಡಿಸಬೇಕು. ಇಲ್ಲದಿದ್ದರೆ ಅಳತೆ ತಪ್ಪುತ್ತದೆ.

ಇನ್ನೊಂದು ತೊಂದರೆ ಕಲ್ಲಿನದು. ಬಾದಾಮಿಯ ಮರಳುಗಲ್ಲಿನಲ್ಲಿ ಕೆಂಪು, ಕಂದು, ತಿಳಿ ಬಣ್ಣದ ಪಟ್ಟೆಗಳು ಓಡುತ್ತವೆ. ಎದೆಯ ಮೇಲೆ ಹಾದುಹೋದ ಒಂದು ಪಟ್ಟೆಯನ್ನು ನಾನು ಎರಡು ವಾರ ನೆರಳು ಅಂತ ತಿಳಿದು ಪೆನ್ಸಿಲ್‌ನಲ್ಲಿ ಕಪ್ಪು ಮಾಡಿದೆ. ಅದು ಬರೀ ಕಲ್ಲಿನ ಬಣ್ಣ. ಈಗ ಯಾವುದಾದರೂ ಕಪ್ಪು ಕಂಡರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡುತ್ತೇನೆ. ಉಬ್ಬಾಗಿದ್ದರೆ ಅದರ ಅಂಚು ಸರಿಯುತ್ತದೆ, ಬಣ್ಣವಾಗಿದ್ದರೆ ಇದ್ದಲ್ಲೇ ಇರುತ್ತದೆ.

ಅಲ್ಲಿಯ ಕಾವಲುಗಾರರಿಗೆ ನನ್ನ ಗುರುತಾಗಿದೆ. ‘ಏನ್ರೀ ಸರ, ಇನ್ನೂ ಮುಗೀಲಿಲ್ಲೇನ್ರಿ?’ ‘ಕೈ ಭಾಳ ಅದಾವ್ರಿ ಅಣ್ಣಾರ.’ ಪ್ರತಿ ವಾರ ಇದೇ ಮಾತು.

ಗೈಡುಗಳು ಪ್ರವಾಸಿಗರಿಗೆ 81 ಭಂಗಿ ಅಂತ ಹೇಳುವುದು ಕೇಳಿರುತ್ತೀರಿ. ಬಲದ ಒಂಬತ್ತು ಕೈ, ಎಡದ ಒಂಬತ್ತು ಕೈ, ಯಾವುದಕ್ಕೆ ಯಾವುದನ್ನಾದರೂ ಜೋಡಿಸಿದರೆ 81. ಲೆಕ್ಕ ಸರಿಯೇ ಇದೆ. ಪರೀಕ್ಷೆ ಮಾಡೋಣ ಅಂತ ಟ್ರೇಸಿಂಗ್ ಹಾಳೆಯಲ್ಲಿ ಒಂದೊಂದು ಜೋಡಿಯನ್ನು ಬೇರೆ ಬೇರೆ ಎತ್ತಿ ಬರೆದೆ. ಹತ್ತು ಜೋಡಿ ಆಗುವಷ್ಟರಲ್ಲಿ ಸಾಕಾಯಿತು. ಕೆಲವು ನಿಜವಾಗಿಯೂ ಕುಣಿತದ ಭಂಗಿ ಅನ್ನಿಸುತ್ತವೆ. ಕೆಲವು ಬಸ್ಸಿಗೆ ಕೈ ಮಾಡಿದ ಹಾಗಿವೆ. ನನಗನ್ನಿಸುವುದು, ಶಿಲ್ಪಿ ಕಡೆದದ್ದು ಒಂದೇ ಕುಣಿತ. ಕೈ ಇಲ್ಲಿಂದ ಅಲ್ಲಿಗೆ ಹೋಗುವಾಗ ನಡುವೆ ನಿಂತ ಜಾಗಗಳೆಲ್ಲ ಒಟ್ಟಿಗೆ ಕಂಡರೆ ಹೀಗಿರುತ್ತದೆ ಅಲ್ವಾ? ಇದು ನನ್ನ ಊಹೆ, ಗೈಡುಗಳ ಮುಂದೆ ಹೇಳಿಲ್ಲ.

ಏಳನೇ ವಾರ ಜೋರು ಮಳೆ. ಬೋರ್ಡು ಬಗಲಲ್ಲಿ ಹಿಡಿದು ಮೂರನೇ ಗುಹೆಗೆ ಓಡಿದೆ. ಇಲ್ಲಿಯ ನಾಲ್ಕು ಗುಹೆಗಳಲ್ಲಿ ತಾರೀಕು ಕೊರೆದಿರುವುದು ಇದೊಂದಕ್ಕೇ. ಶಕ 500, ಕಾರ್ತಿಕ ಹುಣ್ಣಿಮೆ, ಅಂದರೆ ಕ್ರಿ.ಶ. 578. ಚಾಲುಕ್ಯ ಕೀರ್ತಿವರ್ಮನ ಆಳ್ವಿಕೆಯ 12ನೇ ವರ್ಷ, ಮಾಡಿಸಿದವನು ಅವನ ತಮ್ಮ ಮಂಗಳೇಶ. ಹಾವಿನ ಸುರುಳಿಯ ಮೇಲೆ ಆರಾಮಾಗಿ ಕೂತ ವಿಷ್ಣು ಇಲ್ಲಿದ್ದಾನೆ. ಕಂಬಗಳ ಮೇಲೆ ಚಾಚಿದ ಗಂಡುಹೆಣ್ಣಿನ ಜೋಡಿಗಳನ್ನು ನೋಡುತ್ತ ಕುತ್ತಿಗೆ ಹಿಡಿಯಿತು. ಅವನ್ನು ಬಿಡಿಸಲು ಹೋದರೆ ಈ ಜನ್ಮ ಸಾಲದು. ವಾಪಸ್ ಬಂದೆ.

ಎಂಟನೇ ವಾರ ಬೇಸರ ಕಳೆಯಲು ನಟರಾಜನನ್ನು ಬಿಟ್ಟು ಎಡಗಡೆಗೆ ಹೋದೆ. ಅಲ್ಲಿ ದ್ವಾರಪಾಲಕನ ಕೆಳಗೆ ಒಂದೇ ತಲೆ ಹಂಚಿಕೊಂಡ ಎತ್ತು, ಆನೆ ಇವೆ. ಒಂದು ಮೈಯನ್ನು ಅಂಗೈಯಿಂದ ಮುಚ್ಚಿದರೆ ಆನೆ, ಇನ್ನೊಂದನ್ನು ಮುಚ್ಚಿದರೆ ಎತ್ತು. ಬಿಡಿಸುವಾಗ ತಲೆಯ ಒಂದು ಗೆರೆ ಎರಡೂ ಪ್ರಾಣಿಗೆ ದುಡಿಯಬೇಕು. ಸ್ವಲ್ಪ ದಪ್ಪ ಮಾಡಿದರೆ ಎತ್ತು ಸತ್ತಿತು, ತೆಳು ಮಾಡಿದರೆ ಆನೆ ಹೋಯಿತು. ಹನ್ನೊಂದು ಸಲ ಅಳಿಸಿದೆ. ಈ ಒಂದು ಚಿತ್ರ ಮಾತ್ರ ನನಗೇ ಹಿಡಿಸಿತು, ಫ್ರೇಮ್ ಹಾಕಿಸುತ್ತೇನೆ.

ಈಗ ಮತ್ತೆ ಆ ಎರಡು ಕೈ. ಉಳಿದಿರುವುದು ತೀರಾ ಮೇಲಿನ ಜೋಡಿ. ನಾನು ತಲೆಯನ್ನು ಹಾಳೆಯ ಅಂಚಿಗೆ ಹತ್ತಿರ ಇಟ್ಟುಬಿಟ್ಟಿದ್ದೇನೆ. ಕಡೆದವನಿಗೆ ಬಂಡೆಯಲ್ಲಿ ರಬ್ಬರ್ ಇರಲಿಲ್ಲ, ಆದರೂ ಮೊದಲೇ ತಲೆಯ ಮೇಲೆ ಜಾಗ ಬಿಟ್ಟುಕೊಂಡ. ನನಗೆ ಇನ್ನೊಂದು ಎ3 ಹಾಳೆಯನ್ನು ಮೇಲಕ್ಕೆ ಅಂಟಿಸುವುದು ಬಿಟ್ಟರೆ ಬೇರೆ ದಾರಿ ಇಲ್ಲ. ಮುಂದಿನ ಭಾನುವಾರಕ್ಕೆ ಗೋಂದು, ಮತ್ತೊಂದು ರಬ್ಬರ್ ತಗೊಂಡು ಹೋಗಬೇಕು. ರಬ್ಬರಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತೇನೆ.