ಕಣ್ಣು ಮುಚ್ಚಲೇಬೇಕಾ ಮೇಡಂ?

ಒಂಬತ್ತನೇ ಕ್ಲಾಸಿನ ಟೈಮ್‌ಟೇಬಲ್‌ನಲ್ಲಿ ಗುರುವಾರದ ಕೊನೇ ಪಿರಿಯಡ್ ಆಟದ್ದಾಗಿತ್ತು. ಅದನ್ನು ಹೊಡೆದುಹಾಕಿ 'ಮೈಂಡ್‌ಫುಲ್‌ನೆಸ್' (ಈ ಕ್ಷಣದಲ್ಲಿ ಆಗುತ್ತಿರುವುದನ್ನು ಗಮನವಿಟ್ಟು ನೋಡುವ ಅಭ್ಯಾಸ) ಅಂತ ಬರೆದಿದ್ದರು. ನಮಗೆ ಸಿಟ್ಟು ಬಂದಿದ್ದು ಅದಕ್ಕೇ.

ಮೊದಲ ದಿನ ಮೇಡಂ ಒಬ್ಬೊಬ್ಬರ ಅಂಗೈಗೂ ಒಂದೊಂದು ಒಣದ್ರಾಕ್ಷಿ ಹಾಕಿದರು. "ತಿನ್ನಬೇಡಿ, ಮೊದಲು ನೋಡಿ" ಅಂದರು. ಸುಕ್ಕು ನೋಡಿದೆವು, ಮೂಸಿದೆವು. ಕಿವಿ ಹತ್ತಿರ ಹಿಡಿದು ಮೆಲ್ಲಗೆ ಹಿಸುಕಿದರೆ ಚಿಟ್ ಅಂತ ಸಣ್ಣ ಸದ್ದು! ಅಷ್ಟರಲ್ಲಿ ಹಿಂದಿನ ಬೆಂಚಿನವನೊಬ್ಬ ತನ್ನದನ್ನು ನುಂಗಿ ಇನ್ನೊಂದಕ್ಕೆ ಕೈ ಚಾಚಿದ್ದ. ಇಡೀ ಕ್ಲಾಸು ನಕ್ಕಿತು. ಮೇಡಂ ಕೂಡ ನಕ್ಕರು. "ನಗು ಬಂದಾಗ ಹೊಟ್ಟೆ ಹೇಗೆ ಕುಣಿಯುತ್ತೆ, ಅದನ್ನೂ ಗಮನಿಸಿ" ಅಂದರು. ಬೈಗುಳಕ್ಕೆ ಕಾಯುತ್ತಿದ್ದ ನಮಗೆ ಏನು ಮಾಡಬೇಕೋ ತೋಚಲಿಲ್ಲ.

ಆ ದ್ರಾಕ್ಷಿ ಪಾಠ ಬಂದಿದ್ದು ಜಾನ್ ಕಬಟ್‌-ಜಿನ್ ಅವರ ಎಂಟು ವಾರದ ತರಬೇತಿಯಿಂದ ಅಂತ ಆಮೇಲೆ ತಿಳಿಯಿತು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಮೆಡಿಕಲ್ ಸ್ಕೂಲಿನಲ್ಲಿ, ಬಿಡದೆ ಕಾಡುವ ನೋವಿದ್ದ ರೋಗಿಗಳಿಗಾಗಿ ಅವರು ಶುರುಮಾಡಿದ್ದು. ಅದರ ಬೇರು ಇನ್ನೂ ಹಳೆಯದು, ಬೌದ್ಧರ 'ಸತಿ', ಅಂದರೆ ಪಾಲಿ ಭಾಷೆಯಲ್ಲಿ ಎಚ್ಚರದ ಗಮನ.

ಎರಡನೇ ವಾರ ಕಣ್ಣು ಮುಚ್ಚಿ ಉಸಿರು ನೋಡುವ ಪಾಠ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಅರ್ಧ ನಿಮಿಷಕ್ಕೇ ಬೆಂಚಿನ ಅಂಚು ಬಿಗಿಯಾಗಿ ಹಿಡಿದುಕೊಂಡಳು. ಬೆರಳ ತುದಿಗಳು ಬೆಳ್ಳಗಾಗಿದ್ದವು. (ನಾನೂ ಕಣ್ಣು ಬಿಟ್ಟಿದ್ದೆ ಅಂತ ಇದರಲ್ಲೇ ಗೊತ್ತಾಗುತ್ತೆ, ಅಲ್ವಾ?) "ಕಣ್ಣು ಮುಚ್ಚಲೇಬೇಕಾ ಮೇಡಂ?" ಅಂತ ಕೇಳಿದಳು. ಮೇಡಂ ಕಾರಣ ಕೇಳಲಿಲ್ಲ. "ಬೇಡ. ಕಣ್ಣು ತೆರೆದೇ ಇರಲಿ. ಉಸಿರೂ ಬೇಡ. ಪಾದ ನೆಲಕ್ಕೆ ತಾಗಿದೆಯಲ್ಲ, ಅದನ್ನು ಮಾತ್ರ ನೋಡು" ಅಂದರು. ಅವತ್ತಿನಿಂದ ಕಣ್ಣು ಮುಚ್ಚುವುದು ಯಾರಿಗೂ ಕಡ್ಡಾಯವಿರಲಿಲ್ಲ. ಸುಮ್ನೆ ಕೂತು ಕಿಟಕಿ ನೋಡುವವರು ನೋಡುತ್ತಿದ್ದರು. ಮನೆಯಲ್ಲಿ ಅವಳಿಗೆ ಏನು ನಡೆಯುತ್ತಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕಣ್ಣು ಮುಚ್ಚಿದ ಕೂಡಲೇ ಎಲ್ಲರಿಗೂ ಶಾಂತಿಯೇ ಸಿಗಬೇಕು ಅಂತೇನಿಲ್ಲ ಅನ್ನುವುದು ಮಾತ್ರ ಅವತ್ತು ಅರ್ಥವಾಯಿತು.

ಮನೆಯಲ್ಲೂ ದಿನಕ್ಕೆ ಐದು ನಿಮಿಷ ಮಾಡಿ ಡೈರಿ ಬರೆಯಬೇಕಿತ್ತು. ನಾನು ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಏಳು ದಿನದ್ದನ್ನೂ ಒಟ್ಟಿಗೆ ಗೀಚುತ್ತಿದ್ದೆ. 'ಇವತ್ತು ಮನಸ್ಸು ಹಗುರವಾಯಿತು', 'ಇವತ್ತು ಸ್ವಲ್ಪ ಜಾಸ್ತಿ ಹಗುರವಾಯಿತು'. ಒಂದು ವಾರ ಅಕ್ಷರವೆಲ್ಲ ಸೊಟ್ಟಗಾಗಿತ್ತು. ಕೆಳಗೆ ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಬಸ್ಸಲ್ಲಿ ಬರೆದಿದ್ದು ಅಲ್ವಾ? ಅಲ್ಲೇ ಮೂರು ಉಸಿರು ನೋಡಬಹುದಿತ್ತು.'

2022ರಲ್ಲಿ ಬ್ರಿಟನ್ನಿನ 'ಮಿರಿಯಡ್' ಅಧ್ಯಯನದ ಸುದ್ದಿ ಓದಿದಾಗ ಆ ಡೈರಿ ನೆನಪಾಯಿತು. 11ರಿಂದ 14 ವರ್ಷದ, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು. ಇಂಥ ಪಾಠ ಕಲಿತವರಿಗೂ ಶಾಲೆಯ ಮಾಮೂಲಿ ಪಾಠಗಳಲ್ಲೇ ಇದ್ದವರಿಗೂ ಮಾನಸಿಕ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವಂತೆ. ಮನೆಯಲ್ಲಿ ಅಭ್ಯಾಸ ಮಾಡಿದವರೂ ಕಡಿಮೆಯಂತೆ. ನಗು ಬಂತು. ನನ್ನಂಥವರು ಅಲ್ಲೂ ಇದ್ದಾರೆ! ಇಡೀ ಕ್ಲಾಸಿಗೆ ಒಂದೇ ಅಳತೆಯ ಅಂಗಿ ಹೊಲಿದರೆ ಇನ್ನೇನಾಗುತ್ತೆ? ಹಾಗಂತ ಆ ಪಿರಿಯಡ್ಡೇ ದಂಡ ಅಂತ ನಾನು ಹೇಳಲಾರೆ. ಮಕ್ಕಳನ್ನು ಸುಮ್ಮನಿರಿಸುವ ಉಪಾಯ ಮಾಡಿಕೊಂಡರೆ ಮಾತ್ರ ಅದು ಕೆಟ್ಟಿತು ಅಂತಲೇ ಲೆಕ್ಕ.

ಹೋದ ತಿಂಗಳು ಇಂಟರ್‌ವ್ಯೂ ಒಂದಕ್ಕೆ ಹೊರಗೆ ಕಾಯುತ್ತಾ ಕೂತಿದ್ದೆ. ಬಾಯಿ ಒಣಗಿ, ಎದೆ ಡವಡವ. ಉಸಿರು ನೋಡಲು ಹೋದೆ, ಇನ್ನೂ ಜೋರಾಯಿತು. ಬಿಟ್ಟುಬಿಟ್ಟು ಪಾದ ನೋಡಿದೆ. ಎಡಗಾಲಿನ ಶೂ ಸ್ವಲ್ಪ ಬಿಗಿ. ಬಲಗಾಲಿನ ಕಾಲುಚೀಲ ಹಿಮ್ಮಡಿ ಹತ್ತಿರ ಮಡಚಿಕೊಂಡಿತ್ತು. ಬಗ್ಗಿ ಅದನ್ನು ಸರಿಮಾಡಿಕೊಳ್ಳುತ್ತಿರುವಾಗಲೇ ಒಳಗಿನಿಂದ ನನ್ನ ಹೆಸರು ಕೂಗಿದರು.