ಡಾಕ್ ಎಡಿಷನ್‌ನಲ್ಲಿ ಹೋದ ಆ ಶೀರ್ಷಿಕೆ

ಫೋನ್ ಬಂದಾಗ ಬೆಳಿಗ್ಗೆ 8 ಗಂಟೆ. ರಾತ್ರಿ ಪಾಳಿಯವರಿಗೆ ಅದು ಸರಿಹೊತ್ತು. "ಸರ್, ನಾ ಬೀದರ್‌ದಿಂದ ಮಾತಾಡ್ಲಿಕತ್ತೀನ್ರಿ. ಇವತ್ತಿನ ಪೇಪರ್‌ದಾಗ ಒಂಬತ್ತನೇ ಪುಟ ಮಾಡ್ದೋರು ನೀವೇ ಏನ್ರಿ?" ಹೌದು ಎಂದೆ. ವಯಸ್ಸಾದ ದನಿ, ಸಿಟ್ಟಿರಲಿಲ್ಲ. "ಹುಟ್ಟಡಗಿಸೋದು ಅಂದ್ರ ಏನ್ರಿ ಸರ್?"

ಅದು 2024ರ ಜೂನ್ 6. ಹಿಂದಿನ ರಾತ್ರಿ ನಾನು ಕಲಬುರಗಿಯ ಡೆಸ್ಕಿನಲ್ಲಿ ಆಪರೇಷನ್ ಬ್ಲೂಸ್ಟಾರ್‌ಗೆ 40 ವರ್ಷ ತುಂಬಿದ ವಿಶೇಷ ಪುಟ ಬಿಟ್ಟಿದ್ದೆ. 1984ರ ಜೂನ್‌ನಲ್ಲಿ ಅಮೃತಸರದ ಸ್ವರ್ಣ ಮಂದಿರದೊಳಗೆ ಸೇರಿಕೊಂಡಿದ್ದ ಸಿಖ್ ಧರ್ಮಬೋಧಕ ಭಿಂದ್ರನ್‌ವಾಲೆಯ ಸಶಸ್ತ್ರ ಪಡೆಯ ಮೇಲೆ ಸೇನೆ ನಡೆಸಿದ ಕಾರ್ಯಾಚರಣೆ ಅದು. ಪುಟದ ತುದಿಯಲ್ಲಿ ಆರು ಕಾಲಂ ಅಗಲಕ್ಕೆ ಹೀಗಿತ್ತು: "ಸ್ವರ್ಣ ಮಂದಿರದಲ್ಲಿ ಸಿಖ್ಖರ ಹುಟ್ಟಡಗಿಸಿದ ಸೇನೆ". ಮಧ್ಯದ ಆ ಒಂದು ಪದ ನಾನು ಕೈಯಾರೆ ಹಾಕಿದ್ದು.

ಜೂನ್ 4 ಲೋಕಸಭೆ ಫಲಿತಾಂಶ. ಅಂದು ಬೆಳಗಿನ ಜಾವದವರೆಗೆ ಕೂತಿದ್ದೆವು. 5ಕ್ಕೆ ಅರ್ಧ ಡೆಸ್ಕ್ ರಜೆ. ಪಂಜಾಬಿನ ಖಡೂರ್ ಸಾಹಿಬ್‌ನಲ್ಲಿ ಜೈಲಿನಲ್ಲಿದ್ದ ಖಲಿಸ್ತಾನ್ ಪರ ಪ್ರಚಾರಕ ಅಮೃತ್‌ಪಾಲ್ ಸಿಂಗ್, ಫರೀದ್‌ಕೋಟ್‌ನಲ್ಲಿ ಇಂದಿರಾ ಗಾಂಧಿ ಹಂತಕ ಬಿಯಾಂತ್ ಸಿಂಗ್‌ನ ಮಗ ಸರಬ್‌ಜಿತ್ ಸಿಂಗ್ ಖಾಲ್ಸಾ, ಇಬ್ಬರೂ ಪಕ್ಷೇತರರಾಗಿ ಗೆದ್ದಿದ್ದರು. ಹಾಗಾಗಿ ಸಂಜೆ ಮೀಟಿಂಗ್‌ನಲ್ಲಿ, ಬ್ಲೂಸ್ಟಾರ್ ಪುಟ ಬೇಕೇ ಬೇಕು, ಖಡಕ್ ಆಗಿರಲಿ ಎಂದು ಮೇಲಿನಿಂದ ಬಂತು. ಕಾಪಿ ಮಾಡಲು ಇದ್ದದ್ದು ಆರು ತಿಂಗಳ ಹಿಂದೆ ಸೇರಿದ ಟ್ರೈನಿ ಹುಡುಗಿ ಮತ್ತು ನಾನು.

ಆಕೆ ಮಾಡಿದ ಕಾಪಿ ಚೆನ್ನಾಗಿತ್ತು, ಇದನ್ನು ಮೊದಲೇ ಹೇಳಿಬಿಡಬೇಕು. ರಾಜ್ಯಗಳಿಗೆ ಹೆಚ್ಚಿನ ಅಧಿಕಾರ ಕೇಳಿದ 1973ರ ಆನಂದಪುರ ಸಾಹಿಬ್ ನಿರ್ಣಯ, ಚಂಡೀಗಡ ಮತ್ತು ನದಿ ನೀರಿನ ಜಗಳ, 1982ರ ಆಗಸ್ಟ್‌ನಲ್ಲಿ ಸಿಖ್ಖರ ಪಕ್ಷವಾದ ಅಕಾಲಿ ದಳದವರು ಶುರುಮಾಡಿದ ಧರ್ಮಯುದ್ಧ ಮೋರ್ಚಾ ಒಂದು ಕಡೆ. ಭಿಂದ್ರನ್‌ವಾಲೆ ಮತ್ತು ಬಂದೂಕು ಇನ್ನೊಂದು ಕಡೆ. ಎರಡನ್ನೂ ಬೇರೆ ಬೇರೆ ಬಾಕ್ಸ್ ಮಾಡಿದ್ದಳು. ಅಕಾಲಿ ಚಳವಳಿಯೇ ಪ್ರತ್ಯೇಕತಾವಾದವಲ್ಲ, ಪ್ರತ್ಯೇಕತಾವಾದಿಗಳೆಂದರೆ ಎಲ್ಲ ಸಿಖ್ಖರಲ್ಲ ಎಂಬುದು ಅವಳ ಕಾಪಿಯ ವಿನ್ಯಾಸದಲ್ಲೇ ಇತ್ತು. ಅವಳು ಬರೆದ ಶೀರ್ಷಿಕೆ, "ಭಿಂದ್ರನ್‌ವಾಲೆ ಪಡೆಯ ಹುಟ್ಟಡಗಿಸಿದ ಸೇನೆ".

ಸ್ವರ್ಣ ಮಂದಿರ ಎಂಬ ಪದ ಶೀರ್ಷಿಕೆಯಲ್ಲಿ ಬರಲೇಬೇಕು ಅಂದೆ. ಸೇರಿಸಿದರೆ ಬಾಕ್ಸ್ ಕೆಂಪಾಯಿತು. ನಮ್ಮ ಪೇಜಿನೇಷನ್ ಸಾಫ್ಟ್‌ವೇರ್‌ನಲ್ಲಿ ಅಕ್ಷರ ಹೆಚ್ಚಾದರೆ ಅಂಚಿಗೆ ಕೆಂಪು ಗೆರೆ ಬರುತ್ತದೆ, ಅದು ಹೋಗುವವರೆಗೆ ಪುಟ ರಿಲೀಸ್ ಆಗುವುದಿಲ್ಲ. ಪಾಯಿಂಟ್ ಇಳಿಸುವಂತಿಲ್ಲ, ಟೆಂಪ್ಲೇಟ್ ಲಾಕ್. ಗಂಟೆ 10.31. ದೂರದ ಊರುಗಳಿಗೆ ಮೊದಲು ಅಚ್ಚಾಗಿ ಹೋಗುವ ಡಾಕ್ ಎಡಿಷನ್‌ನ ರಿಲೀಸ್ 10.30ಕ್ಕೆ. ಕೀಬೋರ್ಡ್ ಎಳೆದುಕೊಂಡು "ಭಿಂದ್ರನ್‌ವಾಲೆ ಪಡೆಯ" ಅಳಿಸಿ "ಸಿಖ್ಖರ" ಎಂದು ಹೊಡೆದೆ. ಗೆರೆ ಹೋಯಿತು.

"ಸರ್, ಹಂಗ್ ಹಾಕಿದ್ರ ಎಲ್ಲಾರ್ನೂ ಸೇರಿಸ್ದಂಗ ಆಗಂಗಿಲ್ಲೇನ್ರಿ?" ಎಂದಳು.

"ಒಳಗೆ ಓದಿದವರಿಗೆ ಗೊತ್ತಾಗುತ್ತೆ ಬಿಡಮ್ಮ. ಟ್ಯಾಕ್ಸಿ ಕಾಯ್ತಿದೆ."

ಇಪ್ಪತ್ತೆರಡು ವರ್ಷ ಡೆಸ್ಕಿನಲ್ಲಿದ್ದವನು ಆಡಿದ ಮಾತು ಇದು. ಶೀರ್ಷಿಕೆ ಮಾತ್ರ ಓದಿ ಪುಟ ತಿರುಗಿಸುವವರೇ ಹೆಚ್ಚು ಎಂದು ಪ್ರತಿ ಹೊಸ ಬ್ಯಾಚಿಗೂ ಪಾಠ ಮಾಡುವವನು ನಾನೇ.

ಪುಟ 10.38ಕ್ಕೆ ಹೋಯಿತು. ಸಿಟಿ ಎಡಿಷನ್‌ಗೆ ಪ್ರೂಫ್ ನೋಡುತ್ತಿದ್ದ ಹುಡುಗಿ 11 ಗಂಟೆ ದಾಟಿದ ಮೇಲೆ ಮತ್ತೆ ಬಂದಳು. ಮುಖ ಬಿಳಚಿಕೊಂಡಿತ್ತು. ನಾವು ದೊಡ್ಡದಾಗಿ ಹಾಕಿದ್ದ ಚಿತ್ರದಲ್ಲಿ, ಮಂದಿರದ ಆವರಣದಿಂದ ಕೈ ಮೇಲೆತ್ತಿ ಸಾಲಾಗಿ ಬರುತ್ತಿರುವ ಯುವಕರು. ಕ್ಯಾಪ್ಷನ್ ನಾನೇ ಕೊಟ್ಟಿದ್ದೆ, "1984ರ ಜೂನ್‌ನಲ್ಲಿ ಸೇನೆಗೆ ಶರಣಾದವರು" ಅಂತ. ಆರ್ಕೈವ್‌ನಲ್ಲಿ ಚಿತ್ರದ ವಿವರ ತೆರೆದು ನೋಡಿದರೆ ಮೇ 1988 ಎಂದಿದೆ. ಅದು ಬ್ಲೂಸ್ಟಾರ್ ಅಲ್ಲವೇ ಅಲ್ಲ, ಬ್ಲ್ಯಾಕ್ ಥಂಡರ್.

ನನಗೆ ಹೊಳೆಯಬೇಕಿತ್ತು. 1984ರಲ್ಲಿ ದಾಳಿಗೆ ಮೊದಲೇ ಅಮೃತಸರದಿಂದ ಪತ್ರಕರ್ತರನ್ನು ಹೊರಗೆ ಸಾಗಿಸಿದ್ದರು, ಕರ್ಫ್ಯೂ ಇತ್ತು. ಜೂನ್ 5ರ ರಾತ್ರಿಯಿಂದ 6ರವರೆಗೆ ಒಳಗೆ ನಡೆದದ್ದರ ಪತ್ರಿಕಾ ಚಿತ್ರ ಎಲ್ಲಿಂದ ಬರಬೇಕು? ನಾಲ್ಕು ವರ್ಷದ ನಂತರ ಅದೇ ಜಾಗದಲ್ಲಿ ಕೇಂದ್ರದ ಕಮಾಂಡೊ ಪಡೆ ಎನ್‌ಎಸ್‌ಜಿ ಮತ್ತು ಪೊಲೀಸರು ಮಾಡಿದ್ದೇ ಬೇರೆ. ಟ್ಯಾಂಕ್ ತರಲಿಲ್ಲ. ನೀರು, ಕರೆಂಟು ಕಡಿದು, ಸುತ್ತಲಿನ ಎತ್ತರದ ಜಾಗಗಳಲ್ಲಿ ಗುರಿಕಾರರನ್ನು ಕೂರಿಸಿ ದಿನಗಟ್ಟಲೆ ಕಾದರು, ಪತ್ರಕರ್ತರಿಗೆ ನೋಡಲು ಬಿಟ್ಟರು. ಒಳಗಿದ್ದವರು ಗುಂಪುಗುಂಪಾಗಿ ಕೈ ಎತ್ತಿ ಬಂದರು. 1984ರಲ್ಲಿ ವಿಜಯಂತ ಟ್ಯಾಂಕುಗಳ ಗುಂಡಿಗೆ ಆವರಣದಲ್ಲಿದ್ದ ಸಿಖ್ಖರ ಪರಮೋಚ್ಚ ಧರ್ಮಪೀಠ ಅಕಾಲ್ ತಖ್ತ್ ಕುಸಿದಿತ್ತು, ಸಿಖ್ ರೆಫರೆನ್ಸ್ ಲೈಬ್ರರಿ ಸುಟ್ಟಿತ್ತು. ಕ್ಯಾಪ್ಷನ್‌ನ ಒಂದು ಸಾಲಿನಲ್ಲಿ ಎರಡನ್ನೂ ನಾನು ಕಲಸಿಬಿಟ್ಟಿದ್ದೆ.

ಪ್ರೆಸ್‌ಗೆ ಫೋನ್ ಮಾಡಿದೆ. "ಪ್ಲೇಟ್ ಕುಂತಾವ್ರಿ, ಐದು ನಿಮಿಷದಾಗ ಮಷೀನ್ ಬಿಡ್ತೀವಿ" ಎಂದರು ಫೋರ್‌ಮನ್. ಹೊಸ ಪ್ಲೇಟ್ ಎಂದರೆ ಇಪ್ಪತ್ತು ನಿಮಿಷ ತಡ. ಬೀದರಿಗೆ 110 ಕಿಲೋಮೀಟರ್ ದಾರಿ, ಔರಾದ್‌ಗೆ ಇನ್ನೂ ಮುಂದೆ. ರಿಸೀವರ್ ಕಿವಿಯಲ್ಲೇ ಇಟ್ಟುಕೊಂಡು ನ್ಯೂಸ್ ಎಡಿಟರ್ ಕಡೆ ನೋಡಿದೆ. "ಚಿತ್ರ ತಾನೆ, ಸಿಟಿಗೆ ಬದಲಾಯಿಸಿ" ಅಂದರು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಪ್ರೆಸ್‌ನ ಕಡೆಯಿಂದ ಯಾರೋ ಸ್ಪ್ಯಾನರ್ ಇಟ್ಟ ಸದ್ದು, ಫೋರ್‌ಮನ್ನರ "ಹೇಳ್ರಿ ಸರ್, ಹೇಳ್ರಿ" ಎರಡು ಸಲ ಕೇಳಿಸಿತು. ನಿಲ್ಲಿಸಿ ಎನ್ನುವ ಅಧಿಕಾರ ನನಗಿತ್ತು. ಬೆಳಿಗ್ಗೆ ಲೇಟ್ ರಿಪೋರ್ಟ್‌ನಲ್ಲಿ ನನ್ನ ಹೆಸರಿನ ಮುಂದೆ ಇಪ್ಪತ್ತೆಂಟು ನಿಮಿಷ ಬೀಳುತ್ತದೆ ಎಂಬುದೂ ಗೊತ್ತಿತ್ತು. ಆ ರಿಪೋರ್ಟ್‌ನಲ್ಲಿ ಪ್ರತಿ ಪುಟದ ನಿಮಿಷ ಬರೆಯಲು ಕಾಲಂ ಇದೆ, ತಪ್ಪು ಹೋಯಿತೇ ಎಂದು ಬರೆಯಲು ಇಲ್ಲ. ಅದನ್ನು ಮಾಡಿಸಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

"ಬಿಡ್ರಿ" ಎಂದೆ. ಮಷೀನ್ ತಿರುಗುವ ಸದ್ದು ಫೋನಿನಲ್ಲೇ ಕೇಳಿಸಿತು.

ಆ ಐದು ನಿಮಿಷ ನನ್ನ ತಲೆಯಲ್ಲಿ ಇದ್ದದ್ದು ಚಿತ್ರ ಮಾತ್ರ. ಸಿಟಿ ಎಡಿಷನ್‌ಗೆ ಚಿತ್ರ ಬದಲಾಯಿಸಿದೆ, ಅಕಾಲ್ ತಖ್ತ್‌ನ ಹಾನಿಗೊಂಡ ಮುಂಭಾಗದ್ದು ಹಾಕಿದೆ, ಕ್ಯಾಪ್ಷನ್ ಎರಡು ಸಲ ಓದಿದೆ. ಶೀರ್ಷಿಕೆಯನ್ನು ಮುಟ್ಟಲೇ ಇಲ್ಲ. ಅದು ತಪ್ಪು ಅಂತ ಆಗಲೂ ಅನಿಸಿರಲಿಲ್ಲ.

"ಹುಟ್ಟಡಗಿಸೋದು ಅಂದ್ರ ಏನ್ರಿ ಸರ್?" ಎಂದು ಅವರು ಕೇಳಿದಾಗ ನಾನು ನಿದ್ದೆಗಣ್ಣಲ್ಲಿ ಏನೋ ಅಂದೆ, ಪತ್ರಿಕೆಯಲ್ಲಿ ಬಳಸುವ ಮಾತು ಅಂತ. "ನಾ ಹುಟ್ಟಿದ್ದ ಬೀದರ್‌ದಾಗ್ರಿ. ನಮ್ಮಪ್ಪನೂ ಇಲ್ಲೇ. ನಾನೂ ಸಿಖ್ಖನ. ನಿಮ್ಮ ಪೇಪರ್ ಹದಿನೈದು ವರ್ಷದಿಂದ ತರಸ್ತೀನಿ. ಮುಂಜಾನೆ ಮೊಮ್ಮಗಳು ಓದಿ, ತಾತಾ, ಇದು ನಮ್ಮ ಬಗ್ಗೇನಾ ಅಂತ ಕೇಳಿದ್ಳ್ರಿ."

ಆಮೇಲೆ ಸಮಾಧಾನವಾಗಿ ಒಂದೊಂದೇ ಕೇಳಿದರು. ಕಾರ್ಯಾಚರಣೆಯ ಮುಂದಾಳು ಯಾರು? ಮೇಜರ್ ಜನರಲ್ ಕುಲದೀಪ್ ಸಿಂಗ್ ಬ್ರಾರ್. ಲೆಫ್ಟಿನೆಂಟ್ ಜನರಲ್ ಸುಂದರ್‌ಜಿ ಜೊತೆ ಯೋಜನೆ ಮಾಡಿದ್ದು ಯಾರು? ರಂಜಿತ್ ಸಿಂಗ್ ದಯಾಳ್. ಇಬ್ಬರೂ ಸಿಖ್ಖರು. 1983ರ ಏಪ್ರಿಲ್‌ನಲ್ಲಿ ಅದೇ ಮಂದಿರದ ಬಾಗಿಲಲ್ಲಿ ಗುಂಡಿಗೆ ಬಲಿಯಾದ ಪೊಲೀಸ್ ಡಿಐಜಿ ಅಟವಾಲ್? ಸಿಖ್. ಕೈಯಲ್ಲಿ ಪ್ರಸಾದ ಇತ್ತು. ರಾಜೀವ್ ಗಾಂಧಿ ಜೊತೆ ಒಪ್ಪಂದಕ್ಕೆ ಸಹಿ ಹಾಕಿ ತಿಂಗಳೊಳಗೆ ಕೊಲೆಯಾದ ಅಕಾಲಿ ನಾಯಕ ಲೋಂಗೊವಾಲ್? "ಅವ್ರೂ ಸಿಖ್ಖರೇ ಅಲ್ರಿ ಸರ್."

ಮಂದಿರದೊಳಗೆ ಸತ್ತವರಲ್ಲಿ ಯಾತ್ರಿಕರೂ ಇದ್ದರು ಎಂದೂ ನೆನಪಿಸಿದರು. ಜೂನ್ 3 ಗುರು ಅರ್ಜನ್ ದೇವ್ ಬಲಿದಾನದ ದಿನ. ಸಾವಿರಾರು ಜನ ಬಂದಿದ್ದರು, ಕರ್ಫ್ಯೂ ಬಿದ್ದು ಸಿಕ್ಕಿಬಿದ್ದರು. ಈ ಸಂಗತಿ ನನ್ನ ಪುಟದಲ್ಲೇ ಇತ್ತು, ಮೂರನೇ ಕಾಲಂನ ಕೆಳಗೆ. 1984ರ ಜುಲೈನ ಶ್ವೇತಪತ್ರದ ಲೆಕ್ಕವೂ ಇತ್ತು. ಸೇನೆಯ ಕಡೆ ಸತ್ತವರು 83. ಇನ್ನೊಂದು ಕಡೆ 493, ಅದರಲ್ಲಿ ಉಗ್ರರು ಮತ್ತು ನಾಗರಿಕರನ್ನು ಒಂದೇ ಅಂಕಿಯಲ್ಲಿ ಸೇರಿಸಿಬಿಟ್ಟಿದ್ದರು. ನಿಜವಾದ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು ಎಂಬ ವಾದ ಅಂದಿನಿಂದಲೂ ಇದೆ. ಸರ್ಕಾರ ಹೀಗೆ ಬೆರೆಸಿ ಲೆಕ್ಕ ಕೊಟ್ಟದ್ದನ್ನು ನಾನು ಪ್ರೂಫ್‌ನಲ್ಲಿ ಅಡಿಗೆರೆ ಎಳೆದು, ಇದನ್ನು ಎತ್ತಿ ತೋರಿಸು ಎಂದು ಹುಡುಗಿಗೆ ಹೇಳಿದ್ದೆ. ಅರ್ಧ ಗಂಟೆಯ ಮೇಲೆ ಅದೇ ಕೆಲಸವನ್ನು ಶೀರ್ಷಿಕೆಯಲ್ಲಿ ನಾನೇ ಮಾಡಿದೆ.

ಭಿಂದ್ರನ್‌ವಾಲೆ ಪಡೆಯ ಬಗ್ಗೆ ನನಗೆ ಮೃದು ಮಾತಿಲ್ಲ. 1981ರಲ್ಲಿ ಹಿಂದ್ ಸಮಾಚಾರ್ ಬಳಗದ ಲಾಲಾ ಜಗತ್ ನಾರಾಯಣ್ ಅವರನ್ನು, 1984ರ ಮೇನಲ್ಲಿ ಅವರ ಮಗ ರಮೇಶ್ ಚಂದರ್ ಅವರನ್ನು ಕೊಂದರು. ನಮ್ಮ ಕಸುಬಿನವರು ಅವರು. 1983ರ ಅಕ್ಟೋಬರ್‌ನಲ್ಲಿ ಢಿಲ್ವಾಂ ಬಳಿ ಬಸ್ಸಿನಿಂದ ಹಿಂದೂ ಪ್ರಯಾಣಿಕರನ್ನು ಇಳಿಸಿ ಆರು ಜನರನ್ನು ಕೊಂದರು. ಆ ಬಂದೂಕುಗಳ ಮೇಲೆ ಎಷ್ಟು ಕಟುವಾಗಿಯೂ ಶೀರ್ಷಿಕೆ ಕೊಡಬಹುದಿತ್ತು. ನಾನು ಕೊಟ್ಟದ್ದು ಬೀದರಿನ ಒಂದು ಮಗುವಿನ ಮೇಲೆ.

ಅದೂ ಬೀದರಿನಲ್ಲಿ. ಗುರುನಾನಕ್ ಝೀರಾ ಗುರುದ್ವಾರ ಇರುವ ಊರು, 1699ರಲ್ಲಿ ಗುರು ಗೋಬಿಂದ್ ಸಿಂಗ್ ಕೇಳಿದಾಗ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬನಾದ ಸಾಹಿಬ್ ಸಿಂಗ್‌ನ ಊರು. 1988ರ ಸೆಪ್ಟೆಂಬರ್‌ನಲ್ಲಿ ಅಲ್ಲೇ ಸಿಖ್ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೊಂದರು. ಪಂಜಾಬಿನಿಂದ ಓದಲು ಬಂದಿದ್ದ ಹುಡುಗರು. "ಆವಾಗೂ ಹಿಂಗ ಅಂತಿದ್ರಿ ಸರ್, ಸಿಖ್ಖರ್ನ ಹಂಗ ಮಾಡ್ಬೇಕು, ಹಿಂಗ ಮಾಡ್ಬೇಕು ಅಂತ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ತಪ್ಪಾಯಿತು, ತಿದ್ದುಪಡಿ ಹಾಕಿಸುತ್ತೇನೆ ಎಂದು ಮಾತು ಕೊಟ್ಟೆ.

ಜೂನ್ 8ಕ್ಕೆ ಎರಡನೇ ಪುಟದ ಮೂಲೆಯಲ್ಲಿ ಸಿಂಗಲ್ ಕಾಲಂ ತಿದ್ದುಪಡಿ ಬಂತು, ಚಿತ್ರದ್ದು ಮಾತ್ರ. ಶೀರ್ಷಿಕೆ ಬಗ್ಗೆ ನಾನು ಬರೆದುಕೊಟ್ಟ ನಾಲ್ಕು ಸಾಲನ್ನು ಮೇಲಿನವರು ತೆಗೆದರು. ಚಿತ್ರದ್ದು ಮಾಹಿತಿ ದೋಷ, ಶೀರ್ಷಿಕೆಯದ್ದು ಶೈಲಿಯ ವಿಷಯ ಎಂದರು. ನಾನು ಒಂದು ಸಲ ವಾದ ಮಾಡಿ ಸುಮ್ಮನಾದೆ. ಹುಡುಗಿಯ ಬಳಿ ಮಾತ್ರ ಎಲ್ಲರೆದುರು ಕ್ಷಮೆ ಕೇಳಿದೆ. ಈಗ ಶೀರ್ಷಿಕೆ ಕೆಂಪಾದರೆ ಜನರನ್ನು ಸೂಚಿಸುವ ಪದ ಕತ್ತರಿಸುವುದಿಲ್ಲ. ಊರು ಬಿಡುತ್ತೇನೆ, ಕ್ರಿಯಾಪದ ಬಿಡುತ್ತೇನೆ, ಇಲ್ಲವೇ ಪುಟ ತಡ ಮಾಡುತ್ತೇನೆ.

2025ರ ಜೂನ್ 6ರ ಬೆಳಿಗ್ಗೆ ಮತ್ತೆ ಫೋನ್ ಬಂತು. "ಈ ಸಲ ಏನೂ ಬಂದಿಲ್ಲಲ್ರಿ ಸರ್?" ಹೌದು, ಈ ವಿಷಯ ಮುಟ್ಟುವುದೇ ಬೇಡ ಎಂದು ಮೀಟಿಂಗ್‌ನಲ್ಲಿ ತೀರ್ಮಾನವಾಗಿತ್ತು. "ಬರೀಬ್ಯಾಡ್ರಿ ಅಂತ ನಾ ಎಲ್ಲಿ ಅಂದಿದ್ದೆ? ಸರಿಯಾಗಿ ಬರೀರಿ ಅಂದಿದ್ದೆ" ಎಂದರು.

ಮುಂದಿನ ಜೂನ್‌ಗೆ ಪುಟ ಬೇಕು ಎಂದು ಅದೇ ದಿನ ನ್ಯೂಸ್ ಎಡಿಟರ್‌ಗೆ ಮೇಲ್ ಹಾಕಿದೆ. ಉತ್ತರ ಬಂದಿಲ್ಲ.