ಮುಟ್ಟಬೇಡಿ
ಇವತ್ತು ಕಣ್ಣು ಕಾಣದ ಚಿಕ್ಕಪ್ಪನ ಜೊತೆ ಮ್ಯೂಸಿಯಂಗೆ ಹೋಗಿದ್ದೆ. ಒಳಗೆಲ್ಲ ಗಾಜು, ಗಾಜಿನ ಮೇಲೆ 'ಮುಟ್ಟಬೇಡಿ'. ನಾನು ಬೋರ್ಡು ಓದುತ್ತಾ ಹೋದೆ, ಅವರು ಸುಮ್ನೆ ಹೂಂಗುಟ್ಟಿದರು.

ಹೊರಗೆ ಅಂಗಳದಲ್ಲಿ ಒಂದು ವೀರಗಲ್ಲು, ಮಳೆ ಬಿಸಿಲಿಗೆ ನಿಂತಿದ್ದು. "ಇದನ್ನ ಮುಟ್ಟಿ ಸಾರ್, ಏನಾಗಲ್ಲ" ಅಂದರು ಕಾವಲಿನವರು.

ಚಿಕ್ಕಪ್ಪ ಕೆಳಗಿಂದ ಶುರು ಮಾಡಿದರು. ಕುದುರೆ ಕಾಲು, ಕತ್ತಿ, ಬಿದ್ದವನ ತಲೆ. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. "ಕೆಳಗಿಂದ ಮೇಲಕ್ಕೆ ಓದೋ ಕಥೆ ಅಲ್ವಾ ಇದು?"

ಹೌದಲ್ಲ! ಇಷ್ಟು ವರ್ಷ ನಾನು ಮೇಲಿಂದ ನೋಡಿ ಮುಂದೆ ಹೋದವನು.

ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 2015ರಲ್ಲಿ 'ಅನುಭವ್' ಅಂತ ಗ್ಯಾಲರಿ ಮಾಡಿದರು, ಮುಟ್ಟಿ ನೋಡೋಕೇ ಅಂತ 22 ಪ್ರತಿಕೃತಿ, ಜೊತೆಗೆ ಬ್ರೈಲ್ ಬರಹ. ಅದನ್ನು ಹೇಳಿದ್ದೇ ತಪ್ಪಾಯ್ತು, ಟಿಕೆಟ್ ಯಾವಾಗ ಮಾಡಿಸ್ತೀಯ ಅಂತ ಆಗಲೇ ಎರಡು ಸಲ ಕೇಳಿದ್ದಾರೆ.